ಪುಣೆಯಿಂದ ಶೆಂಗನ್ ವೀಸಾ: ಅಪ್ಪ-ಅಮ್ಮನೂ ಸೇರಿ ಐದು ಜನರ ಫೈಲ್ ಹೇಗೆ ಜೋಡಿಸುವುದು?

ವಾಕಡ್_ಸಹನಾ

ಎಲ್ಲರಿಗೂ ನಮಸ್ಕಾರ. ಮೇ ಎರಡನೇ ವಾರ ಪ್ಯಾರಿಸ್‌ನಲ್ಲಿ 5 ರಾತ್ರಿ, ಸ್ವಿಟ್ಜರ್ಲೆಂಡ್‌ನಲ್ಲಿ 5, ಇಟಲಿಯಲ್ಲಿ 3 ಅಂತ ಪ್ರವಾಸ ಹಾಕಿಕೊಂಡಿದ್ದೇವೆ. ಹೋಗುವವರು ಐದು ಜನ: ನಾನು, ನಮ್ಮ ಯಜಮಾನರು (ಇಬ್ಬರೂ ಪುಣೆಯಲ್ಲಿ ನೌಕರಿ), 7 ವರ್ಷದ ಮಗಳು, ಜೊತೆಗೆ ಶಿರಸಿಯಿಂದ ಅಪ್ಪ (71) ಮತ್ತು ಅಮ್ಮ (66). ಯಜಮಾನರು ಕಂಪನಿ ಕೆಲಸಕ್ಕೆ ಜರ್ಮನಿಗೆ ಹೋಗಿಬಂದಿದ್ದಾರೆ, ಕಳೆದ ಮೂರು ವರ್ಷದಲ್ಲಿ ಎರಡು ವೀಸಾ ಆಗಿವೆ. ಉಳಿದವರಿಗೆಲ್ಲ ಇದೇ ಮೊದಲು.

ಗೊಂದಲ ಇರುವುದು ಇಷ್ಟರಲ್ಲಿ. ಒಂದೇ ವೀಸಾದಲ್ಲಿ ಸುತ್ತಬಹುದಾದ ಈ ಮೂರು ಶೆಂಗನ್ ದೇಶಗಳಲ್ಲಿ ಯಾವುದಕ್ಕೆ ಅರ್ಜಿ ಹಾಕಬೇಕು? ಖಾತೆಯಲ್ಲಿ ಎಷ್ಟು ಹಣ ತೋರಿಸಬೇಕು, ಈಗ ಎಫ್‌ಡಿ ಮುರಿದು ಹಾಕಿದರೆ ನಡೆಯುತ್ತದೆಯೇ? ವೀಸಾ ಬರುವ ಮೊದಲೇ ಟಿಕೆಟ್ ಕೊಳ್ಳಬೇಕೇ? ಎಲ್ಲಕ್ಕಿಂತ ದೊಡ್ಡ ತಲೆಬಿಸಿ ಅಪ್ಪನದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ, ಬ್ಯಾಂಕಿನಲ್ಲಿ ಇನಿಷಿಯಲ್ ಸಮೇತ ಬೇರೆ ರೀತಿ ಹೆಸರು. ಆದಾಯ ಪೂರ್ತಿ ಅಡಕೆ ತೋಟದ್ದು, ಐಟಿ ರಿಟರ್ನ್ ಸಲ್ಲಿಸಿದ್ದೇ ಇಲ್ಲ.

---

ಮಾಟುಂಗಾ_ಪ್ರಭು

ಮೇಡಂ, ಮೊದಲು ದೇಶದ ವಿಷಯ ಇತ್ಯರ್ಥ ಮಾಡಿಕೊಳ್ಳಿ. ಬೇರೆಲ್ಲ ಕಾಗದ ಅದರ ಮೇಲೇ ನಿಂತಿದೆ.

ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮ ಬಂದರೆ ಶೆಂಗನ್ ಗಡಿಯನ್ನು ಮೊದಲು ಯಾವ ದೇಶದಲ್ಲಿ ದಾಟುತ್ತೀರೋ ಅದಕ್ಕೆ. ನಿಮ್ಮದು 5-5 ಸಮ ಆಗಿದೆ, ತೊಂದರೆ ಇರುವುದೇ ಇಲ್ಲಿ. ನೇರ ಪ್ಯಾರಿಸ್‌ಗೆ ಇಳಿದರೆ ಫ್ರಾನ್ಸ್ ಅಂತ ಹೇಳಬಹುದು. ಆದರೆ ಅಗ್ಗ ಸಿಕ್ಕಿತೆಂದು ಫ್ರಾಂಕ್‌ಫರ್ಟ್ ಮೇಲಿಂದ ಟಿಕೆಟ್ ಮಾಡಿದಿರೋ, ಇಮಿಗ್ರೇಶನ್ ತಪಾಸಣೆ ಆಗುವುದು ಜರ್ಮನಿಯಲ್ಲಿ. ಅಲ್ಲಿ ನೀವು ಒಂದು ರಾತ್ರಿಯೂ ಉಳಿಯುವುದಿಲ್ಲ. ಹಾಗಾಗಿ ಸಮ ಇಡಲೇಬೇಡಿ. ಪ್ಯಾರಿಸ್ 6, ಸ್ವಿಟ್ಜರ್ಲೆಂಡ್ 4 ಮಾಡಿ, ಫ್ರಾನ್ಸ್‌ಗೆ ಹಾಕಿ. ತಿರುಗಾಮುರುಗ ಮಾಡಿದರೂ ಸರಿ, ಒಂದು ದೇಶ ಸ್ಪಷ್ಟವಾಗಿ ಮುಂದೆ ಇರಬೇಕು.

ಅಪಾಯಿಂಟ್‌ಮೆಂಟ್ ಬೇಗ ಸಿಗುವ ದೇಶಕ್ಕೆ ಸುಳ್ಳು ಬುಕಿಂಗ್ ತೋರಿಸಿ ವೀಸಾ ಪಡೆದು, ಆಮೇಲೆ ಬೇರೆ ದೇಶದಲ್ಲಿ ಕಾಲ ಕಳೆಯುವ ಉಪಾಯವನ್ನು ಏಜೆಂಟರು ಹೇಳಿಕೊಡುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಗಡಿಯಲ್ಲಿ ಹೋಟೆಲ್ ಬುಕಿಂಗ್ ಕೇಳುವ ಅಧಿಕಾರ ಅವರಿಗಿದೆ, ವೀಸಾ ಅಲ್ಲೇ ರದ್ದು ಮಾಡುವ ಅಧಿಕಾರವೂ ಇದೆ. ವಯಸ್ಸಾದವರನ್ನು ಕರೆದುಕೊಂಡು ಹೋಗಿ ಆ ಅಪಾಯಕ್ಕೆ ಕೈಹಾಕುವುದು ಬೇಡ.

ಸಮಯದ ಲೆಕ್ಕ: ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದ ಅರ್ಜಿ ಕೊಡಬಹುದು, ಕೊನೆಯ ಗಡುವು 15 ದಿನ ಮುಂಚೆ. ನಿರ್ಧಾರಕ್ಕೆ ನಿಯಮದಲ್ಲಿರುವುದು 15 ದಿನ, ಅನುಮಾನ ಬಂದರೆ 45 ದಿನದವರೆಗೆ ಎಳೆಯಬಹುದು. ಪುಣೆಯಲ್ಲಾಗಲಿ ಪಣಜಿಯಲ್ಲಾಗಲಿ ಕಾನ್ಸುಲೇಟ್ ಪರವಾಗಿ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದಲ್ಲಿ ಕೊಟ್ಟ ಫೈಲ್ ಅಲ್ಲೇ ತೀರ್ಮಾನ ಆಗುವುದಿಲ್ಲ, ಕಾನ್ಸುಲೇಟಿಗೆ ಕೊರಿಯರ್‌ನಲ್ಲಿ ಹೋಗಿ ಬರಬೇಕು. ಆ ದಿನಗಳನ್ನೂ ಸೇರಿಸಿಕೊಳ್ಳಿ. ಮೇ ಪ್ರಯಾಣಕ್ಕೆ ಫೆಬ್ರವರಿ ಕೊನೆಯೊಳಗೆ ಬೆರಳಚ್ಚು ಕೊಟ್ಟು ಮುಗಿಸಿದರೆ ನೆಮ್ಮದಿ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದಮೇಲೆ ಸ್ಲಾಟ್ ಸಿಗುವುದೇ ಕಷ್ಟ.

ಫ್ರಾನ್ಸ್ ಆದರೆ ಮೊದಲು ಫ್ರಾನ್ಸ್-ವೀಸಾ ಸರ್ಕಾರಿ ಪೋರ್ಟಲ್‌ನಲ್ಲಿ ಖಾತೆ ತೆರೆದು ಐದೂ ಜನರ ಫಾರ್ಮ್ ತುಂಬಬೇಕು. ತುಂಬಿ ಮುಗಿಸಿದ ಮೇಲೆ ಬರುವ ಅರ್ಜಿ ಮತ್ತು ರಸೀದಿ ಎರಡನ್ನೂ ಪ್ರಿಂಟ್ ತೆಗೆದಿಡಿ. ಆಮೇಲೆ ವಿಎಫ್‌ಎಸ್‌ನಲ್ಲಿ ಅಪಾಯಿಂಟ್‌ಮೆಂಟ್. ಶುಲ್ಕ 2024ರ ಜೂನ್ 11ರಿಂದ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ನಿಮ್ಮ ಐವರಿಗೆ ಒಟ್ಟು 405 ಯೂರೊ, ರೂಪಾಯಿಯಲ್ಲಿ ಕಟ್ಟಿಸಿಕೊಳ್ಳುತ್ತಾರೆ. ವಿಎಫ್‌ಎಸ್ ಸೇವಾ ಶುಲ್ಕ ಬೇರೆ. ವೀಸಾ ತಿರಸ್ಕಾರವಾದರೆ ಈ ಹಣ ಮರಳಿ ಬರುವುದಿಲ್ಲ.

ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಮೂರು ಸಂಗತಿ ನೋಡಿ: ಶೆಂಗನ್‌ನಿಂದ ಹೊರಡುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಅವಧಿ ಇರಬೇಕು, ಕೊಟ್ಟು 10 ವರ್ಷ ದಾಟಿರಬಾರದು, ಎರಡು ಖಾಲಿ ಪುಟ ಬೇಕು. ಹಳೆಯ ಪಾಸ್‌ಪೋರ್ಟ್‌ಗಳಿದ್ದರೆ ಅವನ್ನೂ ಒಯ್ಯಿರಿ.

---

ಕೊಥ್ರೂಡ್_ಕುಲಕರ್ಣಿ

ಹಣದ ಬಗ್ಗೆ ನಾ ಹೇಳ್ತೀನ್ರಿ.

ಖಾತೆದಾಗ ಇಷ್ಟ ಲಕ್ಷ ಇರಲೇಬೇಕು ಅಂತ ಒಂದು ಮೊತ್ತ ಎಲ್ಲೂ ಬರದಿಲ್ಲ. ದೇಶ ದೇಶಕ್ಕ ದಿನದ ಲೆಕ್ಕ ಐತಿ. ಹೋಟೆಲ್ ಬುಕಿಂಗ್ ತೋರಿಸಿದವರಿಗೆ ಫ್ರಾನ್ಸ್ ತಲಾ ದಿನಕ್ಕ 65 ಯೂರೊ ಕೇಳತೈತಿ, ಬುಕಿಂಗ್ ಇಲ್ಲಾಂದ್ರ 120. ಸ್ವಿಟ್ಜರ್ಲೆಂಡ್ ದಿನಕ್ಕ 100 ಫ್ರಾಂಕ್. ಪ್ಯಾರಿಸ್ 6 ದಿನ, ಐದು ಮಂದಿ ಅಂದ್ರ 1,950 ಯೂರೊ; ಸ್ವಿಸ್ 4 ದಿನಕ್ಕ 2,000 ಫ್ರಾಂಕ್. ಇಟಲಿ ಇದರ ಮ್ಯಾಲೆ. ಇದು ತೀರಾ ಕನಿಷ್ಠ, ವಿಮಾನ, ಹೋಟೆಲ್, ರೈಲು ಇದರಾಗ ಬಂದಿಲ್ಲ. ಪೂರ್ತಿ ಪ್ರವಾಸದ ಖರ್ಚು ಕೂಡಿಸ್ರಿ, ಅದು ಹೋದ ಮ್ಯಾಲೂ ಮನಿ ನಡಿಯೋ ಅಷ್ಟು ಉಳಿತೈತಿ ಅಂತ ಸ್ಟೇಟ್‌ಮೆಂಟ್ ನೋಡಿದವರಿಗೆ ತಿಳೀಬೇಕು. ಅಷ್ಟ ಸಾಕು.

ಮೊತ್ತಕ್ಕಿಂತ ಖಾತೆ ನಡಕೊಂಡು ಬಂದ ರೀತಿ ನೋಡ್ತಾರ. ಮೂರು ತಿಂಗಳಿಂದ 35-40 ಸಾವಿರದ ಆಜುಬಾಜು ಇದ್ದ ಖಾತೆದಾಗ, ಅರ್ಜಿ ಹಾಕೋ ಹತ್ತು ದಿನ ಮುಂಚೆ ಒಮ್ಮಿಗೇ 6 ಲಕ್ಷ ಜಮಾ ಆತಂದ್ರ, ಇದು ಯಾರದೋ ಕೈಗಡ, ವೀಸಾ ಬಂದ ಮರುದಿನ ವಾಪಸ್ ಹೋಗೂದು ಅಂತನ ಅವರು ಓದ್ತಾರ. ನಿಮ್ಮ ಎಫ್‌ಡಿ ಖರೇನ ನಿಮ್ಮದು. ಅದನ್ನ ಮುರೀಬ್ಯಾಡ್ರಿ. ಎಫ್‌ಡಿ ರಸೀದಿಯ ಪ್ರತಿ, ಬ್ಯಾಂಕಿನಿಂದ ಬ್ಯಾಲನ್ಸ್ ಸರ್ಟಿಫಿಕೇಟ್ ಹಚ್ಚಿದ್ರ ಮುಗೀತು. ಈಗಾಗಲೇ ಮುರಿದಿದ್ರ, ಎಫ್‌ಡಿ ಮುಚ್ಚಿದ್ದಕ್ಕ ಬ್ಯಾಂಕ್ ಕೊಟ್ಟ ಚೀಟಿ ಸ್ಟೇಟ್‌ಮೆಂಟಿನ ಹಿಂದ ಇಡ್ರಿ, ಆ ಜಮಾ ಸಾಲಿಗೆ ಪೆನ್ಸಿಲ್‌ಲೆ ಗುರುತು ಮಾಡ್ರಿ, ಕವರಿಂಗ್ ಲೆಟರ್‌ದಾಗ ಒಂದು ವಾಕ್ಯ ಬರೀರಿ: "ಫಲಾಣೆ ತಾರೀಖಿನ ಜಮಾ ನನ್ನದೇ ಠೇವಣಿಯದು, ದಾಖಲೆ ಲಗತ್ತಿಸಿದೆ."

ಸ್ಟೇಟ್‌ಮೆಂಟ್ 3 ತಿಂಗಳದ್ದೋ 6 ತಿಂಗಳದ್ದೋ ಅನ್ನೂದು ಆ ದೇಶದ ಚೆಕ್‌ಲಿಸ್ಟ್‌ನಾಗ ಇರತೈತಿ. ಆರು ತಿಂಗಳದ್ದು ಇಟ್ರ ಯಾರೂ ಬ್ಯಾಡ ಅನ್ನಂಗಿಲ್ಲ. ಮೊಬೈಲ್ ಆ್ಯಪಿನ ಪ್ರಿಂಟ್ ಹಂಗೇ ಕೊಡಬ್ಯಾಡ್ರಿ, ಶಾಖೆಗೆ ಹೋಗಿ ಪ್ರತಿ ಹಾಳಿಗೂ ಸಿಕ್ಕಾ-ಸಹಿ ಹಾಕಿಸ್ರಿ. ಕೊನೆಯ ನಮೂದು ಅರ್ಜಿ ದಿನಕ್ಕ ಹತ್ರ ಇರಬೇಕು. ತಿಂಗಳ ಹಿಂದಿನ ಸ್ಟೇಟ್‌ಮೆಂಟ್ ತಗೊಂಡು ಹೋಗಿ ಕೌಂಟರ್‌ನಾಗ ಒದ್ದಾಡೋರು ಭಾಳ ಮಂದಿ.

ನೌಕರಿಯವರಿಗೆ ಮೂರು ತಿಂಗಳ ಪಗಾರ ಚೀಟಿ, ಐಟಿಆರ್ ಸ್ವೀಕೃತಿ, ಕಂಪನಿ ಲೆಟರ್‌ಹೆಡ್ಡಿನ ಮ್ಯಾಲೆ ಎನ್‌ಒಸಿ (ಹೋಗಾಕ ಅಡ್ಡಿ ಇಲ್ಲ ಅನ್ನೋ ಪತ್ರ). ಎನ್‌ಒಸಿದಾಗ ರಜಾ ಮಂಜೂರಾದ ತಾರೀಖು ಇರಬೇಕು, ಸಹಿ ಮಾಡಿದವರ ಹೆಸರು, ಹುದ್ದೆ, ಆಫೀಸಿನ ಫೋನ್, ಈಮೇಲ್ ಇರಬೇಕು. ಪ್ರವಾಸ ಮೇ 10ರಿಂದ 24, ರಜಾ ಮೇ 11ರಿಂದ 22 ಅಂತ ಇದ್ರ ಬಿಟ್ಟ ಮೂರು ದಿನಕ್ಕ ಪ್ರಶ್ನೆ ಬರತೈತಿ. ಶನಿವಾರ-ಭಾನುವಾರ ಆಗಿದ್ರೂ ಪೂರ್ತಿ ಅವಧಿನ ಬರೆಸ್ರಿ.

---

ಪಣಜಿ_ಯಾತ್ರಿ

ಟಿಕೆಟ್: ವೀಸಾಕ್ಕೆ ಬೇಕಿರುವುದು ಹೋಗಿಬರುವ ಕಾಯ್ದಿರಿಸುವಿಕೆ. ಹಣ ಹಿಂದಿರುಗದ ಟಿಕೆಟ್ ಮೊದಲೇ ಕೊಳ್ಳಬೇಡಿ. ರದ್ದು ಮಾಡಬಹುದಾದ ದರದಲ್ಲಿ ತೆಗೆಯಿರಿ, ಇಲ್ಲವೇ ಏರ್‌ಲೈನ್‌ನಲ್ಲೇ ಕೆಲದಿನ ದರ ಹಿಡಿದಿಡುವ ಸೌಲಭ್ಯವಿದ್ದರೆ ಬಳಸಿ. ಇನ್ನೂರು-ಮುನ್ನೂರು ರೂಪಾಯಿಗೆ 'ಡಮ್ಮಿ ಟಿಕೆಟ್' ಮಾಡಿಕೊಡುವವರಿದ್ದಾರಲ್ಲ, ಅವರ ಪಿಎನ್‌ಆರ್ ಕೆಲವೊಮ್ಮೆ ಎರಡೇ ದಿನಕ್ಕೆ ಸತ್ತಿರುತ್ತದೆ, ಕೆಲವೊಮ್ಮೆ ಹುಟ್ಟಿಯೇ ಇರುವುದಿಲ್ಲ. ಅಧಿಕಾರಿ ಪರಿಶೀಲಿಸಿದಾಗ ಆ ಪಿಎನ್‌ಆರ್ ಸಿಗದಿದ್ದರೆ, ಉಳಿದ ನಿಜವಾದ ಕಾಗದಗಳ ಮೇಲೂ ನಂಬಿಕೆ ಹೋಗುತ್ತದೆ.

ಹೋಟೆಲ್‌ನದೂ ಅದೇ ಮಾತು. ಉಚಿತ ರದ್ದತಿ ಇರುವ ಬುಕಿಂಗ್ ಮಾಡಿ, ಆದರೆ ವೀಸಾ ನಿರ್ಧಾರ ಆಗುವವರೆಗೆ ರದ್ದು ಮಾಡಬೇಡಿ. ಬಹಳ ಜನ ಗಮನಿಸದ ಒಂದು ವಿಷಯ: ಬುಕಿಂಗ್ ಸೈಟ್‌ಗಳು ವೋಚರ್‌ನಲ್ಲಿ ಒಬ್ಬರದೇ ಹೆಸರು ಹಾಕುತ್ತವೆ. ಐದೂ ಹೆಸರು ಬರುವಂತೆ ಸೇರಿಸಿ, ಇಲ್ಲವಾದರೆ ಹೋಟೆಲ್‌ಗೆ ಬರೆದು ಪತ್ರ ತರಿಸಿ. ಅಮ್ಮನ ಫೈಲ್‌ನಲ್ಲಿರುವ ವೋಚರ್‌ನಲ್ಲಿ ಅಮ್ಮನ ಹೆಸರೇ ಇಲ್ಲದಿದ್ದರೆ ಅವರು ಎಲ್ಲಿ ಮಲಗುತ್ತಾರೆ ಅಂತ ಅಧಿಕಾರಿ ಕೇಳುವುದು ಸಹಜ.

ದಿನಚರಿಯ ಪಟ್ಟಿಯಲ್ಲಿ ತಾರೀಖು, ಊರು, ಹೋಟೆಲ್, ಆ ದಿನದ ಓಡಾಟ ಇಷ್ಟು ಸಾಕು. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡ್‌ಗೆ ಯಾವ ರೈಲು, ಅಲ್ಲಿಂದ ಮಿಲಾನ್‌ಗೆ ಯಾವುದು ಅನ್ನುವುದು ಕಾಣಬೇಕು. ಒಂದು ರಾತ್ರಿಯೂ ಬುಕಿಂಗ್ ಇಲ್ಲದೆ ಖಾಲಿ ಬಿಡಬೇಡಿ.

---

ಶಿರಸಿ_ಥಾಣೆ

ತಂಗಿ, ಅಪ್ಪನ ಫೈಲ್ ಬಗ್ಗೆ ಗಾಬರಿ ಬೇಡ. ನಮ್ಮ ಕಡೆಯ ಹಿರಿಯರಲ್ಲಿ ಇದು ತೀರಾ ಸಾಮಾನ್ಯ.

ಹೆಸರು ಮೊದಲು. ಪಾಸ್‌ಪೋರ್ಟಿನ ಗಿವನ್ ನೇಮ್‌ನಲ್ಲಿ 'ರಾಮಚಂದ್ರ ಗಣಪತಿ' ಎಂದಿದ್ದು ಸರ್‌ನೇಮ್ ಖಾಲಿ, ಬ್ಯಾಂಕಿನಲ್ಲಿ 'ಆರ್. ಜಿ. ಹೆಗಡೆ', ಆಧಾರ್‌ನಲ್ಲಿ 'ರಾಮಚಂದ್ರ ಹೆಗಡೆ' ಎಂದಿದೆ ಅಂದುಕೊಳ್ಳಿ. ವೀಸಾ ಫಾರ್ಮ್, ಟಿಕೆಟ್, ವಿಮೆ, ಹೋಟೆಲ್ ಈ ನಾಲ್ಕರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರಬೇಕು, ಹೆಗಡೆ ಅಂತ ಎಲ್ಲೂ ಸೇರಿಸಬಾರದು. ಸರ್‌ನೇಮ್ ಖಾಲಿ ಬಿಡಲು ಒಪ್ಪದ ಫಾರ್ಮ್‌ಗಳಲ್ಲಿ ಗಿವನ್ ನೇಮನ್ನೇ ಅಲ್ಲಿ ಬರೆಯುವ ವಾಡಿಕೆ ಇದೆ. ಟಿಕೆಟ್ ಮಾಡುವಾಗ ಮಾತ್ರ ಒಂದೇ ಹೆಸರಿನವರಿಗೆ ಹೇಗೆ ಹಾಕುತ್ತೀರಿ ಎಂದು ಏರ್‌ಲೈನ್‌ಗೆ ಫೋನ್ ಮಾಡಿ ಕೇಳಿಕೊಳ್ಳಿ, ಒಬ್ಬೊಬ್ಬರದು ಒಂದೊಂದು ಪದ್ಧತಿ. ಬ್ಯಾಂಕಿನ ಹೆಸರು ಬೇರೆ ಇರುವುದಕ್ಕೆ 'ಮೂರೂ ಹೆಸರಿನ ವ್ಯಕ್ತಿ ನಾನೊಬ್ಬನೇ' ಎಂಬ ಅಫಿಡವಿಟ್ ನೋಟರಿಯಲ್ಲಿ ಮಾಡಿಸಿ. ಶಿರಸಿಯಲ್ಲೂ ಆಗುತ್ತದೆ, ಪುಣೆಯಲ್ಲಾದರೆ ಶಿವಾಜಿನಗರ ಕೋರ್ಟಿನ ಹತ್ತಿರ ನೋಟರಿಗಳಿದ್ದಾರೆ. ಅದಕ್ಕಿಂತ ಒಳ್ಳೆಯದು, ಬ್ಯಾಂಕಿಗೆ ಪಾಸ್‌ಪೋರ್ಟ್ ಪ್ರತಿ ಕೊಟ್ಟು ಕೆವೈಸಿಯಲ್ಲಿ ಹೆಸರನ್ನೇ ಸರಿಮಾಡಿಸುವುದು. ಸಮಯವಿದೆಯಲ್ಲ, ಮಾಡಿಸಿಬಿಡಿ. ಪಾಸ್‌ಪೋರ್ಟನ್ನೇ ರೀ-ಇಶ್ಯೂ ಮಾಡಿಸಿ ಇರುವ ಹೆಸರನ್ನು ಎರಡು ಖಾನೆಗೆ ಒಡೆದು ಹಾಕಿಸುವ ದಾರಿಯೂ ಇದೆ, ಆದರೆ ಅದನ್ನು ಅಪಾಯಿಂಟ್‌ಮೆಂಟ್ ತೆಗೆಯುವ ಮೊದಲೇ ಮುಗಿಸಬೇಕು. ನಂಬರ್ ಬದಲಾದರೆ ಫಾರ್ಮ್ ಎಲ್ಲ ಹೊಸತು.

ದುಬೈ ಮೇಲೆ ಹೋಗುವವರಿದ್ದರೆ ಇದನ್ನೂ ಗಮನಿಸಿ. ಒಂದೇ ಹೆಸರಿರುವ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾ ಮೇಲೆ ಪ್ರವೇಶ ಕೊಡುವುದಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪುತ್ತಾರೆಂದು ಆಮೇಲೆ ತಿಳಿಸಿದರು. ವಿಮಾನ ಬದಲಿಸಿ ನೇರ ಮುಂದೆ ಹೋಗುವುದಾದರೆ ಇದರ ಗೊಡವೆ ಇಲ್ಲ. ಹೊರಗೆ ಬಂದು ಎರಡು ದಿನ ದುಬೈ ನೋಡುವ ಆಸೆಯಿದ್ದರೆ ಮಾತ್ರ ತಲೆಕೆಡಿಸಿಕೊಳ್ಳಬೇಕು.

ಇನ್ನು ಆದಾಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಬೇರೆ ಆದಾಯ ಇಲ್ಲದವರು ರಿಟರ್ನ್ ಸಲ್ಲಿಸದಿರುವುದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಪತ್ರದಲ್ಲಿ ಬರೆದು ಹೇಳಬೇಕು. ಐಟಿಆರ್ ಜಾಗ ಸುಮ್ಮನೆ ಖಾಲಿ ಬಿಟ್ಟರೆ ತರಲು ಮರೆತರು ಅಂತಲೋ ಆದಾಯವೇ ಇಲ್ಲ ಅಂತಲೋ ಆಗುತ್ತದೆ. ತೋಟದ ಪಹಣಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಸೊಸೈಟಿಯ ಅಡಕೆ ವಿಕ್ರಿ ಪಟ್ಟಿ ಇವು ಬೇಕು. ಅಡಕೆ ಹಣ ಸೊಸೈಟಿ ಖಾತೆಗೇ ಜಮಾ ಆಗಿ ಅಲ್ಲೇ ಉಳಿಯುತ್ತದೆ, ಬ್ಯಾಂಕ್ ಪಾಸ್‌ಬುಕ್ ನೋಡಿದರೆ ಏನೂ ಕಾಣುವುದಿಲ್ಲ. ಸೊಸೈಟಿಯಿಂದ ವರ್ಷದ ಲೆಕ್ಕದ ಉತಾರೆ ಸಿಕ್ಕಾ ಹಾಕಿಸಿ ತನ್ನಿ. ಪಹಣಿ ಕನ್ನಡದಲ್ಲಿರುತ್ತದೆ, ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದಕರ ಸಹಿ-ಮುದ್ರೆಯೊಂದಿಗೆ ಮೂಲದ ಪ್ರತಿಯ ಹಿಂದೆ ಇಡಿ. ಎಕರೆ-ಗುಂಟೆ ಹಾಗೇ ಬರೆದರೆ ಅಲ್ಲಿಯವರಿಗೆ ಅರ್ಥವಾಗದು, ಪಕ್ಕದಲ್ಲಿ ಹೆಕ್ಟೇರ್ ಕೂಡ ಬರೆಸಿ.

ಖರ್ಚು ನೀವು ಭರಿಸುತ್ತೀರಿ ಎಂದಾದರೆ ನಿಮ್ಮ ಪ್ರಾಯೋಜಕತ್ವದ ಪತ್ರ, ನಿಮ್ಮ ಸ್ಟೇಟ್‌ಮೆಂಟ್-ಐಟಿಆರ್ ಪ್ರತಿ ಅಪ್ಪ-ಅಮ್ಮ ಇಬ್ಬರ ಫೈಲ್‌ನಲ್ಲೂ ಬೇರೆಬೇರೆಯಾಗಿ ಇರಬೇಕು. ಸಂಬಂಧಕ್ಕೆ ನಿಮ್ಮ ಜನನ ಪ್ರಮಾಣಪತ್ರ, ಅಥವಾ ತಂದೆ-ತಾಯಿ ಹೆಸರಿರುವ ನಿಮ್ಮ ಪಾಸ್‌ಪೋರ್ಟಿನ ಪುಟ. ಆದರೂ ತೋಟದ ಕಾಗದ ಬಿಡಬೇಡಿ. ಹಣ ನೀವು ಕೊಡುತ್ತೀರಿ ಸರಿ, ಅವರು ವಾಪಸ್ ಬಂದೇ ಬರುತ್ತಾರೆ ಅನ್ನುವುದಕ್ಕೆ ಊರಲ್ಲಿರುವ ಆ ತೋಟವೇ ಸಾಕ್ಷಿ.

ಅವರ ವಿಳಾಸ ಕರ್ನಾಟಕದ್ದು. ವಾಸಸ್ಥಳದ ಪ್ರಕಾರ ಆಯಾ ಕಾನ್ಸುಲೇಟ್ ವ್ಯಾಪ್ತಿಯಲ್ಲೇ ಅರ್ಜಿ ಹಾಕುವುದು ಮೂಲ ನಿಯಮ, ಕೆಲವು ದೇಶಗಳು ಭಾರತದ ಯಾವ ಕೇಂದ್ರದಲ್ಲಾದರೂ ತೆಗೆದುಕೊಳ್ಳುತ್ತವೆ. ಸ್ಲಾಟ್ ಹಿಡಿಯುವ ಮೊದಲು ಆ ದೇಶದ ವಿಎಫ್‌ಎಸ್ ಪುಟದಲ್ಲಿ ಈ ಸಾಲು ಓದಿಕೊಳ್ಳಿ.

---

ವಾಕಡ್_ಸಹನಾ

ಎಲ್ಲರಿಗೂ ತುಂಬಾ ಧನ್ಯವಾದ. ಪ್ಯಾರಿಸ್ 6, ಸ್ವಿಸ್ 4 ಅಂತ ಬದಲಿಸಿಬಿಟ್ಟೆವು, ಎಫ್‌ಡಿ ಮುಟ್ಟುವುದಿಲ್ಲ. ಇನ್ನೆರಡು ಪ್ರಶ್ನೆ. ಅಪ್ಪನಿಗೆ ಬಿಪಿ, ಸಕ್ಕರೆ ಇದೆ, ವಿಮೆ ಹೇಗೆ? ಬೆರಳಚ್ಚಿಗೆ ಐವರೂ ಹೋಗಬೇಕೇ? ಆಧಾರ್ ಮಾಡಿಸುವಾಗ ಅಪ್ಪನ ಬೆರಳು ಹಿಡಿಯಲು ಬಹಳ ಕಷ್ಟವಾಗಿತ್ತು.

---

ಮಾಟುಂಗಾ_ಪ್ರಭು

ವಿಮೆ ಕನಿಷ್ಠ 30,000 ಯೂರೊ ರಕ್ಷಣೆಯದ್ದಾಗಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ, ಊರಿಗೆ ಮರಳಿ ಸಾಗಿಸುವ ವೆಚ್ಚ ಮೂರೂ ಒಳಗೊಂಡು, ಎಲ್ಲ ಶೆಂಗನ್ ದೇಶಗಳಿಗೂ ಅನ್ವಯಿಸಬೇಕು. ನಮ್ಮ ಕಂಪನಿಗಳು ಡಾಲರ್‌ನಲ್ಲಿ ಮಾರುತ್ತವೆ. 30,000 ಡಾಲರ್ ಎಂದರೆ 30,000 ಯೂರೊ ಆಗುವುದಿಲ್ಲ, ಕಡಿಮೆ ಬೀಳುತ್ತದೆ. 50,000 ಡಾಲರ್‌ನದ್ದು ತೆಗೆಯಿರಿ. ಹೊರಡುವ ದಿನದಿಂದ ಮರಳುವ ದಿನದವರೆಗೆ, ಮೇಲೆ ಎರಡು ದಿನ ಹೆಚ್ಚಿಗೆ ಇರಲಿ, ವಿಮಾನ ತಪ್ಪಿದರೆ ಬೇಕಾಗುತ್ತದೆ.

ವೀಸಾಕ್ಕೆ ಅಷ್ಟು ಸಾಕು, ಆದರೆ ಅಪ್ಪನಿಗೆ ಸಾಲದು ಮಾರಾಯ್ರೆ. 60 ದಾಟಿದವರ ಅನೇಕ ಪಾಲಿಸಿಗಳಲ್ಲಿ ಆಸ್ಪತ್ರೆ ಕೋಣೆಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಅಂತ ಒಳಮಿತಿಗಳಿರುತ್ತವೆ, ಮೊದಲೇ ಇರುವ ಕಾಯಿಲೆಗೆ ರಕ್ಷಣೆ ಇರುವುದಿಲ್ಲ ಅಥವಾ ಪ್ರಾಣಾಪಾಯದ ಸಂದರ್ಭಕ್ಕೆ ಮಾತ್ರ ಇರುತ್ತದೆ. ಬಿಪಿ, ಸಕ್ಕರೆ ಎರಡನ್ನೂ ಪ್ರಸ್ತಾವನೆಯಲ್ಲಿ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಕೈಬಿಡುತ್ತಾರೆ. ಪ್ರೀಮಿಯಂ ಜಾಸ್ತಿಯಾದರೂ ಹಳೆಯ ಕಾಯಿಲೆಯನ್ನು ಸೇರಿಸುವ, ಒಳಮಿತಿ ಇಲ್ಲದ ಪಾಲಿಸಿಯನ್ನೇ ಹುಡುಕಿ. ಮಾತ್ರೆಗಳನ್ನು ಡಾಕ್ಟರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳುವುದು.

ಬೆರಳಚ್ಚು: 12 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ದೊಡ್ಡವರು ಖುದ್ದಾಗಿ ಹೋಗಬೇಕು, ಹತ್ತೂ ಬೆರಳು. ಯಜಮಾನರದ್ದು 59 ತಿಂಗಳೊಳಗೆ ಕೊಟ್ಟದ್ದಾದರೆ ಹಳೆಯದೇ ನಡೆಯುತ್ತದೆ, ಫಾರ್ಮ್‌ನಲ್ಲಿ ಆ ತಾರೀಖು, ವೀಸಾ ಸ್ಟಿಕ್ಕರ್ ನಂಬರ್ ಬರೆಯಬೇಕು. ಅವರ ಕವರಿಂಗ್ ಲೆಟರ್‌ನಲ್ಲಿ ಇನ್ನೊಂದು ವಿಷಯ ಸೇರಿಸಿ: ಹಿಂದಿನ 3 ವರ್ಷದಲ್ಲಿ ಎರಡು ವೀಸಾ ಪಡೆದು ನಿಯಮದಂತೆ ಬಳಸಿದ ಭಾರತೀಯರಿಗೆ 2 ವರ್ಷದ ಮಲ್ಟಿಪಲ್ ಎಂಟ್ರಿ (ಹಲವು ಸಲ ಹೋಗಿಬರಬಹುದಾದ) ವೀಸಾ ಕೊಡುವ ಪದ್ಧತಿ 2024ರ ಏಪ್ರಿಲ್‌ನಿಂದ ಉಂಟು. ಹಳೆಯ ಎರಡೂ ವೀಸಾ, ಹೋಗಿಬಂದ ಮುದ್ರೆಗಳ ಪ್ರತಿ ಲಗತ್ತಿಸಿ.

ಅಪ್ಪನ ಬೆರಳಿಗೆ ವಾರ ಮುಂಚಿನಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಅಡಕೆ ಸುಲಿಯುವ, ಸುಣ್ಣ ಮುಟ್ಟುವ ಕೆಲಸ ಬಿಡಿಸಿ. ಹೋಗುವ ದಿನ ಬೆಳಿಗ್ಗೆ ಸೋಪಿನಲ್ಲಿ ತೊಳೆದು ಒರೆಸಬೇಕು, ಎಣ್ಣೆ ಜಿಡ್ಡು ಉಳಿದರೆ ಗಾಜಿನ ಮೇಲೆ ಗೆರೆ ಮೂಡುವುದಿಲ್ಲ. ಬೆರಳಿಗೆ ಗಾಯವಾಗಿ ಪಟ್ಟಿ ಕಟ್ಟಿದ್ದರೆ ಸ್ಲಾಟ್ ಮುಂದೂಡುವುದೇ ವಾಸಿ.

---

ಪಣಜಿ_ಯಾತ್ರಿ

ಫೋಟೊ ಮರೆಯಬೇಡಿ. 35×45 ಮಿ.ಮೀ., ಮುಖ ಚಿತ್ರದ 70-80 ಶೇಕಡಾ ತುಂಬಿರಬೇಕು, ಹಿನ್ನೆಲೆ ತಿಳಿ ಬಣ್ಣ, ತೆಗೆದು 6 ತಿಂಗಳು ದಾಟಿರಬಾರದು. ಸ್ಟುಡಿಯೋದಲ್ಲಿ 'ವೀಸಾ ಫೋಟೊ' ಎಂದಷ್ಟೇ ಹೇಳಿದರೆ ಅಮೆರಿಕದ ಎರಡು ಇಂಚಿನ ಚೌಕ ಮಾಡಿಕೊಡುತ್ತಾರೆ, ಅಳತೆ ಹೇಳಿಯೇ ತೆಗೆಸಿ. ಅಪ್ಪ ಬಿಳಿ ಅಂಗಿ ಹಾಕಿಕೊಂಡರೆ ಹಿನ್ನೆಲೆಯಲ್ಲಿ ಹೆಗಲು ಕರಗಿಹೋಗುತ್ತದೆ, ಬಣ್ಣದ್ದು ಹಾಕಿಸಿ. ಕನ್ನಡಕ ತೆಗೆಸಿಬಿಡಿ. ಹಳೆಯ ವೀಸಾದಲ್ಲಿರುವ ಫೋಟೊವನ್ನೇ ಯಜಮಾನರು ಮತ್ತೆ ಅಂಟಿಸಬಾರದು, ತಕ್ಷಣ ಗೊತ್ತಾಗುತ್ತದೆ.

ಮಗಳ ಫಾರ್ಮ್‌ಗೆ ನೀವಿಬ್ಬರೂ ಸಹಿ ಮಾಡಿ, ಜನನ ಪ್ರಮಾಣಪತ್ರ ಮೂಲ ಮತ್ತು ಪ್ರತಿ ಒಯ್ಯಿರಿ. ಶಾಲೆಯಿಂದ ರಜೆ ಪತ್ರ ಅಥವಾ ಬೇಸಿಗೆ ರಜೆಯ ತಾರೀಖಿರುವ ಪತ್ರವೂ ಇರಲಿ.

ಐದು ಫೈಲ್, ಐದು ಪೂರ್ತಿ ಸೆಟ್. ಎ4 ಹಾಳೆ, ಒಂದೇ ಬದಿ, ಸ್ಟೇಪಲ್ ಹೊಡೆಯಬೇಡಿ, ಸ್ಕ್ಯಾನ್ ಮಾಡುವಾಗ ಅವರು ಕಿತ್ತು ಹಾಳೆ ಹರಿಯುತ್ತದೆ. ಚೆಕ್‌ಲಿಸ್ಟ್‌ನ ಕ್ರಮದಲ್ಲೇ ಜೋಡಿಸಿ.

---

ಕೊಥ್ರೂಡ್_ಕುಲಕರ್ಣಿ

ಒಂದು ಮಾತು ಬಿಟ್ಟಿತ್ತು. ಅಕಸ್ಮಾತ್ ಯಾರದಾದ್ರೂ ವೀಸಾ ತಿರಸ್ಕಾರ ಆದ್ರ, ಕಾರಣಕ್ಕ ಗುರುತು ಹಾಕಿದ ಒಂದು ಅಚ್ಚಾದ ಫಾರ್ಮ್ ಕೊಡ್ತಾರ. ಅದನ್ನ ಓದದ ಮರುವಾರ ಬ್ಯಾರೆ ದೇಶಕ್ಕ ಅದೇ ಕಾಗದ ಹಾಕಬ್ಯಾಡ್ರಿ. ಎಲ್ಲಾ 29 ಶೆಂಗನ್ ದೇಶದ ವೀಸಾ ದಾಖಲೆ ಒಂದೇ ಕಂಪ್ಯೂಟರ್ ವ್ಯವಸ್ಥೆದಾಗ 5 ವರ್ಷ ಇರತೈತಿ. ಗುರುತು ಹಾಕಿದ ಕಾರಣಕ್ಕ ಹೊಸ ಪುರಾವೆ ಕೂಡಿಸಿ ಆಮ್ಯಾಲೆ ಹಾಕ್ರಿ.

ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಸ್ಟಿಕ್ಕರ್ ಓದ್ರಿ: ಹೆಸರು, ಪಾಸ್‌ಪೋರ್ಟ್ ನಂಬರ್, ಎಷ್ಟು ಎಂಟ್ರಿ, ಎಷ್ಟು ದಿನ. ವೀಸಾ ಮೇ 10ರಿಂದ ಜೂನ್ 8ರ ತನಕ ಅಂತ ಇದ್ದು, ಉಳಿಯೋ ದಿನ 15 ಅಂತ ಬರದಿದ್ರ, ಆ ಅವಧಿಯೊಳಗ ಇರಾಕ ಅವಕಾಶ ಬರೇ 15 ದಿನ. ಮ್ಯಾಲಿನ ದಿನ ಪ್ರವಾಸ ಹಿಂದ-ಮುಂದ ಆದ್ರ ಇರಲಿ ಅಂತ ಕೊಟ್ಟದ್ದು. ಇಳಿಯೋ ದಿನ, ಹೊರಡೋ ದಿನ ಎರಡೂ ಲೆಕ್ಕಕ್ಕ ಬರತಾವ. 2025ರ ಅಕ್ಟೋಬರ್ 12ರಿಂದ ಗಡಿದಾಗ ಮುಖದ ಫೋಟೊ, ಬೆರಳಚ್ಚು ತಗೊಂಡು ಬಂದು-ಹೋದ ದಿನ ಕಂಪ್ಯೂಟರ್‌ನಾಗ ದಾಖಲು ಮಾಡೂದು ಶುರು ಆಗೈತಿ, ಒಂದು ದಿನ ಹೆಚ್ಚಾದ್ರೂ ಅಲ್ಲಿ ಕಾಣತೈತಿ. ಸ್ಟಿಕ್ಕರ್‌ದಾಗ ತಪ್ಪು ಕಂಡ್ರ ಹೊರಡೋ ಮುಂಚೆನ ವಿಎಫ್‌ಎಸ್ ಮೂಲಕ ಕಾನ್ಸುಲೇಟಿಗೆ ತಿಳಿಸಿ ತಿದ್ದಿಸ್ಕೋರಿ.